ಕಲ್ಲಲ್ಲಿ ಹಲಸು ಬಿಟ್ಟ ಊರಿಗೆ ಪ್ಲಾಸ್ಟಿಕ್ ಬಳ್ಳಿ ಯಾಕೆ ಸ್ವಾಮಿ?

ಬೇಲೂರಿನ ಚೆನ್ನಕೇಶವನ ಗುಡಿಗೆ ಹೋದವರಿಗೆ ಗೈಡುಗಳು ತಪ್ಪದೆ ಒಂದು ತಮಾಷೆ ತೋರಿಸುತ್ತಾರೆ. ಗೋಡೆಯ ಮೇಲ್ಗಡೆ ಓರೆಯಾಗಿ ನಿಂತ ಮದನಿಕೆಯರ ಸಾಲಿನಲ್ಲಿ ಒಬ್ಬಾಕೆಯ ತಲೆಯ ಮೇಲೆ ಬಳ್ಳಿಯ ಚಪ್ಪರ. ಚಪ್ಪರದಲ್ಲಿ ಒಂದು ಹಲಸಿನ ಹಣ್ಣು. ಹಣ್ಣಿನ ಮೇಲೆ ಒಂದು ನೊಣ. ನೊಣದ ಮೇಲೆ ಕಣ್ಣಿಟ್ಟು ಹೊಂಚು ಹಾಕಿ ಕೂತ ಒಂದು ಹಲ್ಲಿ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ದೇವರ ಪ್ರತಿಷ್ಠೆ ಆದ ಗುಡಿ ಅದು. ಒಂಬೈನೂರು ವರ್ಷ ಕಳೆದರೂ ಹಲ್ಲಿ ನೆಗೆದಿಲ್ಲ, ನೊಣ ಹಾರಿಲ್ಲ.

ಆ ಕಲ್ಲುಕುಟಿಗ ಹಲಸಿನ ಹಣ್ಣನ್ನು ಎಲ್ಲಿ ನೋಡಿದ? ಕ್ಯಾಟಲಾಗಿನಲ್ಲಂತೂ ಅಲ್ಲ. ತನ್ನ ಹಿತ್ತಲಿನಲ್ಲಿ ನೋಡಿರಬೇಕು. ಹಲ್ಲಿಯನ್ನು ತನ್ನ ಮನೆಯ ಗೋಡೆಯ ಮೇಲೇ ನೋಡಿರಬೇಕು. ಕಣ್ಣಿಗೆ ಬಿದ್ದದ್ದನ್ನು ಕಲ್ಲಿಗೆ ಇಳಿಸಿದ. ಅಷ್ಟೇ ವಿಷಯ.

ಈ ಮಾತು ಈಗ ಯಾಕೆ ಬಂತು ಅಂದರೆ, ಮೊನ್ನೆ ನಮ್ಮ ಕಡೆಯ ಒಂದು ಲಾಡ್ಜಿಗೆ ಹೋಗಿದ್ದೆ. ಲಾಡ್ಜಿನ ಹೆಸರು ಬೇಡ, ಊರಿನ ಹೆಸರೂ ಬೇಡ. ಮಾಲೀಕರು ಒಳ್ಳೆಯವರು, ಕಾಫಿ ಕೊಟ್ಟು ಉಪಚಾರ ಮಾಡಿದರು. ರೂಮುಗಳನ್ನೆಲ್ಲ ಹೊಸದಾಗಿ ಮಾಡಿಸಿದ್ದಾರೆ.

"ಬನ್ನಿ ಸಾರ್, ನೋಡಿ. ಎಲ್ಲಾ ನೇಚರ್ ಥೀಮು" ಅಂದರು.

ನೋಡಿದೆ. ಬಾಗಿಲಲ್ಲಿ ಪ್ಲಾಸ್ಟಿಕ್ ಬಳ್ಳಿ. ಮಂಚದ ಹಿಂದೆ ಗೋಡೆ ಪೂರ್ತಿ ಅಂಟಿಸಿದ ಜಲಪಾತದ ಚಿತ್ರ, ಯಾವ ದೇಶದ್ದೋ ಏನೋ. ತಾರಸಿಯ ಕೆಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಇನ್ನೊಂದು ಸೂರು, ಅದರಲ್ಲಿ ನೀಲಿ ದೀಪ. ನೆಲಕ್ಕೆ ಮರದ ಗೆರೆ ಇರುವ ಟೈಲ್ಸು. ಇದ್ದದ್ದು ಒಂದೇ ಕಿಟಕಿ. ಅದಕ್ಕೆ ದಪ್ಪ ಪರದೆ ಬಿಟ್ಟು ಬಿಗಿದಿದ್ದರು. ಪರದೆ ಸರಿಸಿ ಇಣುಕಿದೆ. ಆಚೆ ಏನಿತ್ತು ಗೊತ್ತಾ? ಕಣ್ಣು ಹಾಯಿಸಿದಷ್ಟು ದೂರ ತೆಂಗಿನ ತೋಟ!

"ಕಿಟಕಿ ಯಾಕೆ ಮುಚ್ಚಿದ್ದೀರಿ?" ಅಂತ ಕೇಳಿದೆ.

"ತೆಗೆದ್ರೆ ಹಲ್ಲಿ ಬರುತ್ತೆ ಸಾರ್."

ನಗು ಬಂತು, ಆದರೆ ನಗಲಿಲ್ಲ. ಸಾಲ ಮಾಡಿ ಕೆಲಸ ಮಾಡಿಸಿದ ಮನುಷ್ಯ. ಅವರೊಬ್ಬರೇ ಅಲ್ಲ, ಅರಸೀಕೆರೆ, ಬೇಲೂರು, ಹಳೇಬೀಡಿನಲ್ಲಿ ಈಗ ರೂಮು ಕಟ್ಟಿಸುವ, ಹಳೆ ರೂಮು ಒಡೆದು ಹೊಸದು ಮಾಡಿಸುವ ಯೋಚನೆಯಲ್ಲಿ ಇರುವವರು ಹಲವರು. ಅವರಿಗೂ, ನಾಳೆ ಅವರಿಗೆ ಸಾಮಾನು ಮಾರುವ ಅಂಗಡಿಯವರಿಗೂ ಉಪಯೋಗ ಆಗಲಿ ಅಂತ ಈ ನಾಲ್ಕು ಮಾತು.

ಬೋರ್ಡಿನಲ್ಲಿ ಬೂಟೀಕ್

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ದೇಶದ 42ನೆಯ ತಾಣ. ಅಂದು ಪಟಾಕಿ ಹೊಡೆದದ್ದೂ ಆಯಿತು. ಆದರೆ ಬರುವ ಯಾತ್ರಿಕರಲ್ಲಿ ಎಷ್ಟೋ ಮಂದಿಯ ಕಥೆ ಹಳೆಯದೇ. ಬೆಳಿಗ್ಗೆ ಬೇಲೂರು, ಮಧ್ಯಾಹ್ನ 16 ಕಿಲೋಮೀಟರ್ ದಾಟಿ ಹಳೇಬೀಡು, ಸಂಜೆ ಹಾಸನಕ್ಕೋ ಚಿಕ್ಕಮಗಳೂರಿಗೋ ವಾಪಸ್. ನಮ್ಮೂರಲ್ಲಿ ಉಳಿಯುವುದು ಎಳನೀರು, ಊಟ, ಪಾರ್ಕಿಂಗಿನ ಕಾಸು. ರಾತ್ರಿ ತಂಗಿದರೆ ತಾನೇ ಬೆಳಗಿನ ದೋಸೆ, ಹೂವು, ಆಟೋ ಬಾಡಿಗೆ, ಎಲ್ಲವೂ?

ರಾತ್ರಿ ತಂಗಿಸಬೇಕು ಅಂದರೆ 'ಬೂಟೀಕ್ ಹೋಟೆಲ್' ಮಾಡಿ ಅನ್ನುತ್ತಾರೆ ಪಟ್ಟಣದ ಸಲಹೆಗಾರರು. ನಮ್ಮಲ್ಲಿ ಹೋಟೆಲ್ ಅಂದರೆ ಇಡ್ಲಿ ವಡೆ. ಮಲಗುವುದಕ್ಕೆ ಲಾಡ್ಜು. ಈ ಬೂಟೀಕ್ ಅಂದರೆ ಏನು? 1984ರಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಗನ್ಸ್ ಅಂತ ಒಂದು ಹೋಟೆಲ್ ಶುರುವಾಯಿತು. ದೊಡ್ಡ ಹೋಟೆಲುಗಳು ಎಲ್ಲವೂ ಸಿಗುವ ಡಿಪಾರ್ಟ್‌ಮೆಂಟ್ ಸ್ಟೋರು ಇದ್ದ ಹಾಗೆ, ನಮ್ಮದು ಚಿಕ್ಕ ಅಂಗಡಿ ಇದ್ದ ಹಾಗೆ ಅಂತ ಅದರವರು ಹೋಲಿಸಿದರು. ಹೆಸರು ಚಾಲ್ತಿಗೆ ಬಂತು.

ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೇಟೆಬೀದಿಯ ಚಿಕ್ಕ ಅಂಗಡಿ ಯಾಕೆ ಉಳಿದಿದೆ? ದೊಡ್ಡ ಅಂಗಡಿಯಲ್ಲಿ ಸಿಗದ ಒಂದು ಮಾಲು ಅಲ್ಲಿದೆ, ಗಿರಾಕಿಯ ಮುಖ ಪರಿಚಯ ಇದೆ. ಎಂಟು ಹತ್ತು ರೂಮಿನ ಲಾಡ್ಜಿಗೂ ಅದೇ ಸೂತ್ರ. ಬೆಂಗಳೂರಿನವನಿಗೆ ಬೆಂಗಳೂರಿನ ರೂಮನ್ನೇ ಕೊಟ್ಟರೆ ಅವನು ಇಲ್ಲಿ ಯಾಕೆ ಮಲಗಬೇಕು?

ಕಿಟಕಿ ಮೊದಲು, ಕುಂಡ ಆಮೇಲೆ

ಪ್ರಕೃತಿಯನ್ನು ರೂಮಿನೊಳಗೆ ತರಬೇಕು ಅಂತ ಹೊರಟರೆ ಮೊದಲು ಕೈ ಹಾಕಬೇಕಾದ್ದು ಕಿಟಕಿಗೆ. ಇದು ನನ್ನ ಕಲ್ಪನೆ ಅಲ್ಲ. ರೋಜರ್ ಉಲ್ರಿಚ್ ಅನ್ನುವವರು 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಸಂಗತಿ ಪ್ರಕಟಿಸಿದರು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳ ದಾಖಲೆ ತೆಗೆದು ನೋಡಿದರು. ಅರ್ಧ ಮಂದಿಯ ಕಿಟಕಿಗೆ ಮರಗಳು ಕಾಣುತ್ತಿದ್ದವು, ಇನ್ನರ್ಧ ಮಂದಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ ಮುಕ್ಕಾಲು ದಿನ ಮೊದಲೇ ಮನೆಗೆ ಹೋದರು, ನೋವಿನ ಗಟ್ಟಿ ಮದ್ದನ್ನೂ ಕಡಿಮೆ ತಗೊಂಡರು. ಹೊಲಿಗೆ ಹಾಕಿಸಿಕೊಂಡವರಿಗೇ ಮರ ಹಿತ ಅಂದ ಮೇಲೆ, ಬಸ್ಸಿನಲ್ಲಿ ಮೈ ಕುಲುಕಿಸಿಕೊಂಡು ಬಂದವರಿಗೆ ಬೇಡವೇ?

ಕಿಟಕಿಯ ಪಾಠಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಬೇಲೂರಿನ ಗುಡಿಯ ಮಂಟಪ ಮೊದಲು ಸುತ್ತ ತೆರೆದೇ ಇತ್ತು. ವೀರಬಲ್ಲಾಳನ ಕಾಲದಲ್ಲಿ ಅದನ್ನು ಮುಚ್ಚಿದರು. ಹೇಗೆ ಮುಚ್ಚಿದರು? ಬರೀ ಗೋಡೆ ಎಬ್ಬಿಸಲಿಲ್ಲ. ತೂತು ಕೊರೆದ ಕಲ್ಲಿನ ಜಾಲಂಧ್ರಗಳನ್ನು ನಿಲ್ಲಿಸಿದರು, ಒಟ್ಟು 28. ಬಿಸಿಲು ಚೂರು ಚೂರಾಗಿ ಒಳಗೆ ಬೀಳುತ್ತೆ, ಗಾಳಿ ಆಡುತ್ತೆ, ಆಚೆಯವರಿಗೆ ಒಳಗಿನದು ಪೂರ್ತಿ ಕಾಣೋದಿಲ್ಲ. ಇವತ್ತು ಅದೇ ಕೆಲಸವನ್ನು ಮರದ ಜಾಲರಿ ಮಾಡುತ್ತೆ, ಸುಟ್ಟ ಮಣ್ಣಿನ ಜಾಲಿ ಇಟ್ಟಿಗೆ ಮಾಡುತ್ತೆ. ಒಳಗಡೆ ಸೊಳ್ಳೆ ಪರದೆಯ ಚೌಕಟ್ಟು ಕೂರಿಸಿದರೆ ಆಯಿತು. ಹಲ್ಲಿಯೂ ಬರೋದಿಲ್ಲ, ಸೊಳ್ಳೆಯೂ ಬರೋದಿಲ್ಲ.

ಇನ್ನು ಕುಂಡದ ವಿಚಾರ. ರೂಮಿನಲ್ಲಿ ನಾಲ್ಕು ಗಿಡ ಇಟ್ಟರೆ ಗಾಳಿ ಶುದ್ಧ ಆಗುತ್ತೆ, ನಾಸಾದವರೇ ಹೇಳಿದ್ದಾರೆ ಅಂತ ನರ್ಸರಿಗಳಲ್ಲಿ ಹೇಳ್ತಾರೆ. 1989ರ ಆ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ. 2019ರಲ್ಲಿ ಅಮೆರಿಕದ ಸಂಶೋಧಕರು ಇಂಥ ಪ್ರಯೋಗಗಳ ಲೆಕ್ಕವನ್ನೆಲ್ಲ ಒಟ್ಟಿಗೆ ಹಾಕಿ, ನಿಜವಾದ ಕೋಣೆಯಲ್ಲಿ ಕುಂಡದ ಗಿಡ ಮಾಡುವ ಶುದ್ಧಿಗಿಂತ ಕಿಟಕಿ ತೆರೆದರೆ ಆಗುವುದೇ ಎಷ್ಟೋ ಪಾಲು ಹೆಚ್ಚು ಅಂತ ತೋರಿಸಿದರು. ಗಿಡ ಇಡಿ, ಬೇಡ ಅನ್ನಲ್ಲ. ಕಣ್ಣಿಗೆ ತಂಪು. ಕಡಿಮೆ ಬೆಳಕಲ್ಲೂ ಬದುಕುವ ಮನಿಪ್ಲಾಂಟು ಸಾಕು. ಪ್ಲಾಸ್ಟಿಕ್ ಗಿಡ ಮಾತ್ರ ಬೇಡ. ಅದಕ್ಕೆ ನೀರು ಹಾಕೋದು ತಪ್ಪುತ್ತೆ ಅಂತೀರಿ. ಧೂಳು ಒರೆಸೋದು ತಪ್ಪುತ್ತಾ?

ತೊಟ್ಟಿ ಮನೆ ಒಡೆಯೋ ಮೊದಲು

ಈ ಮೂರು ಊರಿನ ಹಳೇ ಬೀದಿಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ತೊಟ್ಟಿ ಮನೆ ನಿಂತಿದೆ. ಮುಂದೆ ಜಗಲಿ, ಒಳಗೆ ಹಜಾರ, ನಡುವೆ ಆಕಾಶಕ್ಕೆ ಬಾಯಿ ತೆರೆದ ತೊಟ್ಟಿ, ಸುತ್ತ ಮರದ ಕಂಬ, ಮೇಲೆ ಹೆಂಚು. ಬೆಳಕು ಮೇಲಿಂದ ಬರುತ್ತೆ. ಬಿಸಿಗಾಳಿ ಮೇಲಕ್ಕೆ ಹೋಗುತ್ತೆ, ಜಗಲಿಯ ತಂಪುಗಾಳಿ ಒಳಗೆ ನುಗ್ಗುತ್ತೆ. ಮಳೆ ಬಂದರೆ ಹೆಂಚಿನ ನೀರು ತೊಟ್ಟಿಗೇ ಬೀಳುತ್ತೆ, ಅಜ್ಜಿ ಕೊಳಗ ಇಟ್ಟು ಹಿಡೀತಾ ಇದ್ದರು. ದೇವರ ತುಳಸಿ, ಮಲ್ಲಿಗೆ ಬಳ್ಳಿ, ದೊಡ್ಡಪತ್ರೆ ಎಲ್ಲವೂ ಅಲ್ಲೇ. ಮನೆಯ ಹೊಟ್ಟೆಯೊಳಗೇ ಒಂದು ಹಿತ್ತಲು ಇದ್ದ ಹಾಗೆ.

ಪಟ್ಟಣದ ಡಿಸೈನರುಗಳು ದುಡ್ಡು ತಗೊಂಡು ನಕ್ಷೆ ಬರೆದು ಕೊಡುವುದು ಇದನ್ನೇ. ನಾವು ಇದನ್ನು ಒಡೆದು ಪಾಯ ಹಾಕುತ್ತೇವೆ. ಕಂಬ, ಬಾಗಿಲವಾಡ, ಬೋದಿಗೆಗಳನ್ನು ವ್ಯಾಪಾರಿಗಳು ಬಂದು ಲಾರಿಗೆ ಹೇರುತ್ತಾರೆ. ಅದೇ ಕಂಬ ಆಮೇಲೆ ಯಾವುದೋ ದೊಡ್ಡ ಊರಿನ ಹೋಟೆಲಿನ ಬಾಗಿಲಲ್ಲಿ ಸಿಂಗಾರ ಆಗಿ ನಿಲ್ಲುತ್ತೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಇದಕ್ಕೆ ಉಲ್ಟಾ ಮಾಡಿದರು. ಕೆಡವಲು ಹೊರಟಿದ್ದ ಹಳೇ ಮನೆಗಳನ್ನು ಬಿಚ್ಚಿ ತಂದು, ತುಂಡು ತುಂಡು ಜೋಡಿಸಿ ಮತ್ತೆ ನಿಲ್ಲಿಸಿದರು. ಹಸ್ತಶಿಲ್ಪ ಪರಂಪರೆ ಗ್ರಾಮ ಅಂತ ಇವತ್ತು ಜನ ಹೋಗಿ ನೋಡುವುದು ಅದನ್ನೇ. ನಮಗೆ ಬಿಚ್ಚಿ ತರುವ ಕಷ್ಟವೂ ಇಲ್ಲ. ನಿಂತಿರುವುದನ್ನು ರಿಪೇರಿ ಮಾಡಿದರೆ ಸಾಕು.

ಗುಡಿಯ ಹತ್ತಿರ ಮನೆ ಇರುವವರು ಇನ್ನೊಂದು ವಿಷಯ ತಿಳಿದಿರಬೇಕು. 2010ರ ತಿದ್ದುಪಡಿ ಕಾಯಿದೆ ಪ್ರಕಾರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ. ಅಲ್ಲಿಂದ ಮುಂದಿನ 200 ಮೀಟರ್ ನಿಯಂತ್ರಿತ ಪ್ರದೇಶ, ಅನುಮತಿ ಇಲ್ಲದೆ ಕಟ್ಟೋ ಹಾಗಿಲ್ಲ. ಹತ್ತಿರ ಇರುವ ಹಳೇ ಮನೆಯನ್ನು ಅನುಮತಿ ತಗೊಂಡು ರಿಪೇರಿ ಮಾಡಿಸುವುದಕ್ಕೆ ದಾರಿ ಇದೆ. ಹಾಗಾದರೆ ಲೆಕ್ಕ ಹಾಕಿ. ಒಡೆದ ಮೇಲೆ ಅಲ್ಲಿ ಹೊಸದು ಎದ್ದೇಳೋದಿಲ್ಲ. ಇದ್ದದ್ದನ್ನು ಉಳಿಸಿಕೊಂಡರೆ ಗೋಪುರ ಕಾಣುವ ಜಗಲಿ ನಿಮ್ಮದೇ. ಅಂಥ ಜಗಲಿ ಎಷ್ಟು ದುಡ್ಡು ಕೊಟ್ಟರೂ ಹೊಸದಾಗಿ ಸಿಗೋದಿಲ್ಲ.

ಅರಸೀಕೆರೆಗೆ ಬೇರೆ, ಬೇಲೂರಿಗೆ ಬೇರೆ

ಒಂದೇ ಜಿಲ್ಲೆ, ಒಂದೇ ಬಸ್ಸಿನ ದಾರಿ. ಆದರೆ ಹವಾ ಬೇರೆ ಬೇರೆ. ಅರಸೀಕೆರೆ ಬಯಲುಸೀಮೆ. ಬಿಸಿಲು, ಧೂಳು, ತೆಂಗು. ಜಾವಗಲ್ ದಾಟಿ ಹಳೇಬೀಡು, ಬೇಲೂರು ಅಂತ ಹೋದ ಹಾಗೆ ಹಸಿರು ಏರುತ್ತೆ, ಮಳೆ ಏರುತ್ತೆ, ಬೇಲೂರು ಬಂದರೆ ಅರೆಮಲೆನಾಡು, ಕಾಫಿಯ ಸೀಮೆ. ಅರಸೀಕೆರೆಯ ರೂಮಿಗೆ ಬೇಕಾದ್ದು ನೆರಳು, ಬೇಲೂರಿನ ರೂಮಿಗೆ ಬೇಕಾದ್ದು ಥಂಡಿ ಹೊಡೆಯದ ಗೋಡೆ. ಎರಡಕ್ಕೂ ಒಂದೇ ಕ್ಯಾಟಲಾಗು ಆಗುತ್ತಾ?

ಅರಸೀಕೆರೆಯಿಂದ ಶುರು ಮಾಡೋಣ. ಅಲ್ಲಿನ ಈಶ್ವರ ದೇವಾಲಯ 1220ರ ಹೊತ್ತಿನದು. ಮುಂದಿನ ತೆರೆದ ಮಂಟಪ 16 ಮೂಲೆಯ ನಕ್ಷತ್ರದ ಆಕಾರ, ಮೇಲೆ ಗುಮ್ಮಟದ ಸೂರು. ಸುಡು ಬಿಸಿಲಿನಲ್ಲಿ ಹೋಗಿ ಒಳಗೆ ಕಾಲಿಟ್ಟು ನೋಡಿ, ತಂಪು ಅಂದರೆ ಏನು ಅಂತ ಗೊತ್ತಾಗುತ್ತೆ. ಎತ್ತರದ ಸೂರು, ಗಾಳಿಗೆ ದಾರಿ, ದಪ್ಪ ನೆರಳು. ಲಾಡ್ಜಿಗೆ ಬೇಕಾದ್ದೂ ಇದೇ ಮೂರು. ಎತ್ತರದ ಸೂರನ್ನು ಪ್ಲಾಸ್ಟರಿನಿಂದ ಕೆಳಗೆ ಇಳಿಸಿದರೆ ಸೆಕೆ ಗಿರಾಕಿಗೆ, ಮೇಲಿನ ಜಾಗ ಇಲಿಗೆ.

ಪಡುವಣ ಗೋಡೆ ಸಂಜೆ ಬಿಸಿಲಿಗೆ ಕಾಯುತ್ತೆ. ಅದರ ಮುಂದೆ ಒಂದು ಚಪ್ಪರ ಹಾಕಿ ಬಳ್ಳಿ ಹಬ್ಬಿಸಿದರೆ ರಾತ್ರಿ ರೂಮು ತಣ್ಣಗಿರುತ್ತೆ. ಒಳಗೆ ಹಾಸಲು ತೆಂಗಿನ ನಾರಿನ ಚಾಪೆ. ನೀರು ಬಿದ್ದರೂ ನಾರು ಬೇಗ ಕೊಳೆಯೋದಿಲ್ಲ, ಓಡಾಟದ ಸದ್ದನ್ನು ನುಂಗುತ್ತೆ. ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ ಕೊಡವಿದರೆ ಆಯಿತು. ಮುದಿ ತೆಂಗಿನ ಮರವನ್ನೂ ಸೌದೆ ಅಂತ ಬಿಸಾಡಬೇಡಿ. ಅದರ ಬುಡದ ಕಡೆಯ ಹೊರಭಾಗ ಕಬ್ಬಿಣದ ಹಾಗೆ ಗಟ್ಟಿ, ಕಪ್ಪು ಚುಕ್ಕೆ ಇರುವ ಚೆಂದದ ಹಲಗೆ ಬರುತ್ತೆ. ನಡುವಿನ ತಿರುಳು ಮಾತ್ರ ಮೆತ್ತಗೆ, ಅದು ಬೇಡ. ನಮ್ಮಲ್ಲಿ ಕಾಯಿ ಮಟ್ಟೆ ಹಂಡೆ ಒಲೆಗೆ ಹೋಗುತ್ತೆ, ರೂಮಿಗೆ ಮಾತ್ರ ಪರಊರಿನ ಪ್ಲಾಸ್ಟಿಕ್ ಕಾರ್ಪೆಟ್ಟು ಬರುತ್ತೆ.

ಇನ್ನೊಂದು ಮಾತು. ಉಂಡೆ ಕೊಬ್ಬರಿ ಮಾಡುವ ರೈತರು ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಾರೆ. ಗಾಳಿ ಆಡದಿದ್ದರೆ ಮಾಲು ಕೆಡುತ್ತೆ ಅಂತ ಅಟ್ಟಕ್ಕೆ ಸಂದು ಬಿಟ್ಟು ಕಟ್ಟುತ್ತಾರೆ. ಕೊಬ್ಬರಿಗೆ ಕೊಡುವ ಮರ್ಯಾದೆಯನ್ನು ಗಿರಾಕಿಗೂ ಕೊಡಿ ಸ್ವಾಮಿ!

ಬೇಲೂರಿನ ಕಡೆಗೆ ಬಂದರೆ ಸಾಮಾನು ಬದಲು. ಮಳೆಗಾಲದಲ್ಲಿ ಥಂಡಿ ಹೊಡೆದ ಗೋಡೆಗೆ ವಾಲ್‌ಪೇಪರ್ ಅಂಟಿಸಿದರೆ ಹಿಂದೆ ಬೂಷ್ಟು ಬರುತ್ತೆ. ಎಣ್ಣೆ ಪೇಂಟು ಹೊಡೆದರೆ ಗುಳ್ಳೆ ಎದ್ದು ಉದುರುತ್ತೆ. ಹಳಬರ ಸುಣ್ಣದ ಗಾರೆಗೆ ಒಂದು ಗುಣ ಇದೆ, ಗೋಡೆಯ ತೇವವನ್ನು ಆಚೆ ಬಿಡುತ್ತೆ. ಕೆಲಸ ನಿಧಾನ, ಒಣಗುವುದೂ ನಿಧಾನ, ತಾಳ್ಮೆ ಬೇಕು. ಹಳೇ ಮಂಗಳೂರು ಹೆಂಚು ಇದ್ದರೆ ಬಿಡಬೇಡಿ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಶುರು ಮಾಡಿದ ಹೆಂಚು ಕರಾವಳಿಯ ಮಳೆಯನ್ನೇ ತಡೆದಿದೆ, ಬೇಲೂರಿನದು ಯಾವ ಲೆಕ್ಕ? ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಮರದಿಂದ ಮೇಜು, ಕಪಾಟು ಆಗುತ್ತೆ. ಬಿದಿರಿನ ತಟ್ಟಿ, ದೀಪದ ಬುಟ್ಟಿ ಹೆಣೆಯುವುದಕ್ಕೆ ಮೇದರು ಇದ್ದಾರೆ. ಬಿದಿರನ್ನು ಹಾಗೇ ಬಳಸಿದರೆ ಕುಟ್ಟೆ ಹುಳ ಹಿಡಿದು ಪುಡಿ ಉದುರುತ್ತೆ. ಬೋರಾಕ್ಸ್, ಬೋರಿಕ್ ಆಸಿಡ್ ಕಲಸಿದ ನೀರಿನಲ್ಲಿ ನೆನೆಹಾಕಿ ಒಣಗಿಸಿ ಬಳಸಿದರೆ ವರ್ಷಗಟ್ಟಲೆ ಬಾಳುತ್ತೆ.

ನೆಲಕ್ಕೆ ಕೆಂಪು ಕಾವಿ. ನಮ್ಮ ಅಜ್ಜ ಅಜ್ಜಿ ಮಲಗಿದ ನೆಲ ಅದು. ತುಳಿದಷ್ಟೂ ಹೊಳಪು. ಒಳ್ಳೆಯ ಗಾರೆ ಕೆಲಸದವರು ಸಿಗೋದು ಕಷ್ಟ ಆಗಿದೆ, ಅದು ನಿಜ. ಕೆಲಸ ಕೊಡುವವರು ಇಲ್ಲದೆ ಕಸುಬು ಉಳಿಯೋದು ಹೇಗೆ? ಬಚ್ಚಲಿಗೆ ಮಾತ್ರ ನುಣುಪು ನೆಲ ಬೇಡ, ಒರಟು ಕಲ್ಲು ಹಾಕಿ. ಗಿರಾಕಿ ಜಾರಿ ಬಿದ್ದರೆ ಯಾವ ಪ್ರಕೃತಿಯೂ ಕಾಯೋದಿಲ್ಲ.

ಬಾಗಿಲಲ್ಲಿ ಉರುಳಿ ಇಟ್ಟು ನೀರಿನಲ್ಲಿ ಹೂ ತೇಲಿಬಿಡುವ ಫ್ಯಾಶನ್ ಬಂದಿದೆ. ಚೆಂದ. ಆದರೆ ನೀರು ನಿಂತರೆ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತೆ. ದಿನಾ ನೀರು ಬದಲಿಸಿ. ತೊಟ್ಟಿಯಲ್ಲಿ ದೊಡ್ಡ ನೀರಿನ ಕೊಳ ಮಾಡಿದ್ದರೆ ನಾಲ್ಕು ಗಪ್ಪಿ ಮೀನು ಬಿಡಿ, ಲಾರ್ವಾ ಅದರ ಊಟ.

ದೇವರನ್ನು ಕಾಲೊರೆಸಿಗೆ ಹಾಕಬೇಡಿ

ಹೊಯ್ಸಳ ಸೀಮೆ ಅಂದ ಕೂಡಲೇ ಫೈಬರಿನ ಮದನಿಕೆ ತಂದು ಬಾಗಿಲಲ್ಲಿ ನಿಲ್ಲಿಸುತ್ತಾರೆ. ಕೆಲವರು ದೇವರ ಚಿತ್ರ ಇರುವ ಟೈಲ್ಸು ನೆಲಕ್ಕೆ ಹಾಕುತ್ತಾರೆ, ಕಾಲೊರೆಸಿಗೂ ಅಚ್ಚು ಹಾಕಿಸುತ್ತಾರೆ. ಗುಡಿಯಲ್ಲಿ ಕೈ ಮುಗಿದು ಬಂದವನು ರೂಮಿಗೆ ಬಂದು ಅದರ ಮೇಲೆ ಕಾಲಿಡಬೇಕಾ?

ದೇವರನ್ನು ದೇವರ ಜಾಗದಲ್ಲಿ ಬಿಟ್ಟು, ಅದೇ ಗೋಡೆಯ ಮೇಲಿನ ಪ್ರಕೃತಿಯನ್ನು ತಗೊಳ್ಳಿ. ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯ ಸುತ್ತ ಒಂದು ಪ್ರದಕ್ಷಿಣೆ ಬನ್ನಿ. ಕೆಳಗೆ ಆನೆಯ ಸಾಲು, ಅದರ ಮೇಲೆ ಸಿಂಹ, ಆಮೇಲೆ ಸುರುಳಿ ಸುರುಳಿ ಬಳ್ಳಿ, ಕುದುರೆ, ಮೇಲಕ್ಕೆ ಹೋದರೆ ಮಕರ, ಹಂಸ. ಆ ಬಳ್ಳಿಯ ಒಂದು ಸುರುಳಿ ಸಾಕು, ಬಾಗಿಲವಾಡದ ಮೇಲೆ ಬಡಗಿ ಕೈಯಲ್ಲಿ ಕೆತ್ತಿಸಿ. ಒಂದು ಹಂಸದ ಸಾಲು ದುಪ್ಪಟಿಯ ಅಂಚಿಗೆ ಸಾಕು. ರೂಮು ಪೂರ್ತಿ ತುಂಬಿಸಬೇಡಿ. ಅವರದು ಗುಡಿ, ತುಂಬಿಸಿದರು. ನಿಮ್ಮದು ಮಲಗುವ ಕೋಣೆ, ಕಣ್ಣಿಗೆ ಬಿಡುವು ಬೇಕು.

ಕಲ್ಲಿನ ವಿಚಾರವೂ ಹಾಗೇ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಇಟ್ಟ ಹಾಗೆ ಗಟ್ಟಿ. ಆ ಗುಣ ಅರಿತಿದ್ದಕ್ಕೇ ಅಷ್ಟು ಸೂಕ್ಷ್ಮ ಕೆಲಸ ಸಾಧ್ಯ ಆಯಿತು. ಕೈಗೆ ಸಿಕ್ಕ ವಸ್ತುವಿನ ಗುಣ ತಿಳಿದು ಕೆಲಸ ಮಾಡುವುದು ಅಂದರೆ ಅದು.

ದುಡ್ಡು ಯಾವ ಬಸ್ಸು ಹತ್ತುತ್ತೆ?

ಕೊನೆಗೆ ವ್ಯಾಪಾರದ ಮಾತು. ಪ್ಲಾಸ್ಟಿಕ್ ಬಳ್ಳಿ, ಜಲಪಾತದ ಹಾಳೆ, ನೀಲಿ ದೀಪ, ಮರದಂಥ ಟೈಲ್ಸು ಇವಕ್ಕೆ ಕೊಟ್ಟ ದುಡ್ಡು ಅವತ್ತೇ ಊರು ಬಿಟ್ಟು ಹೋಗುತ್ತೆ. ನಾಲ್ಕು ವರ್ಷಕ್ಕೆ ಬಣ್ಣ ಮಾಸುತ್ತೆ, ಮತ್ತೆ ಹೊಸದು ತನ್ನಿ, ಮತ್ತೆ ಸಾಲ. ನಾರಿನ ಚಾಪೆಗೆ ಕೊಟ್ಟದ್ದು ತೆಂಗಿನವರಿಗೆ, ತಟ್ಟಿಗೆ ಕೊಟ್ಟದ್ದು ಮೇದರಿಗೆ, ಕೆತ್ತನೆಗೆ ಕೊಟ್ಟದ್ದು ಬಡಗಿಗೆ, ಗಾರೆಗೆ ಕೊಟ್ಟದ್ದು ಗಾರೆಯವರಿಗೆ. ಅವರು ಸಂಜೆ ಬಂದು ಸಾಮಾನು ತಗೊಳ್ಳೋದು ನಿಮ್ಮ ಅಂಗಡಿಯಲ್ಲೇ. ಇದನ್ನು ಓದುತ್ತಿರುವ ಅಂಗಡಿ ಯಜಮಾನರು ಇಷ್ಟನ್ನು ಗಮನಿಸಿದರೆ ನನ್ನ ಲೇಖನ ಸಾರ್ಥಕ.

ಎ.ಸಿ. ಬೇಡ, ಬಿಸಿನೀರು ಬೇಡ ಅಂತ ನಾನು ಹೇಳೋದಿಲ್ಲ. ಗಿರಾಕಿ ದುಡ್ಡು ಕೊಡ್ತಾನೆ, ಅವನಿಗೆ ಚೊಕ್ಕ ಬಚ್ಚಲು, ಒಗೆದ ಹಾಸಿಗೆ ಬಟ್ಟೆ, ನಿದ್ದೆಗೆ ನಿಶ್ಶಬ್ದ ಮೊದಲು ಕೊಡಿ. ಅದಿಲ್ಲದೆ ಬಿದಿರು, ಕಾವಿ ಎಲ್ಲ ಬರೀ ವೇಷ. ಅದು ಇದ್ದ ಮೇಲೆ, ನಮ್ಮ ಊರನ್ನೇ ಅವನಿಗೆ ತೋರಿಸಿ.

ಈ ಲೇಖನ ಬರೆಯೋ ಮೊದಲು ಆ ಲಾಡ್ಜಿಗೆ ಇನ್ನೊಮ್ಮೆ ಹೋಗಿದ್ದೆ. ಕಾಫಿ ಬಂತು. ಪರದೆ ಸರಿಸಿ, ಕಿಟಕಿಯ ಚಿಲಕ ತೆಗೆದು ಇಬ್ಬರೂ ಸ್ವಲ್ಪ ಹೊತ್ತು ನಿಂತೆವು. ತೆಂಗಿನ ಗರಿ ಸರಸರ ಅಂತಿತ್ತು. ತಂಪು ಗಾಳಿ ಮುಖಕ್ಕೆ ಬಂತು. ಮಾಲೀಕರು ಸುಮ್ಮನೆ ನೋಡ್ತಾ ಇದ್ದರು.

"ಚೆನ್ನಾಗೇನೋ ಇದೆ ಸಾರ್... ಆದ್ರೂ ಹಲ್ಲಿ?" ಅಂದರು.

"ಒಂದು ಸೊಳ್ಳೆ ಪರದೆ ಹೊಡೆಸಿ. ಅದನ್ನೂ ದಾಟಿ ಒಂದು ಹಲ್ಲಿ ಬಂತಾ, ಬರಲಿ ಬಿಡಿ" ಅಂದೆ. "ಬೇಲೂರಲ್ಲಿ ಅದನ್ನು ನೋಡೋಕೆ ಜನ ದೇಶ ದೇಶದಿಂದ ಬರ್ತಾರೆ!"